ಆ ಕೋಚ್ ಅಲ್ಲೇ ಇರಲಿ ಬಿಡಿ!

ಫುಟ್‌ಬಾಲ್ ಪ್ರಿಯರ ಮಟ್ಟಿಗೆ ನೀಲಗಿರಿ ಜಿಲ್ಲೆಯ ಗೂಡಲೂರಿನಷ್ಟು ಇಕ್ಕಟ್ಟಿನ ಊರು ದಕ್ಷಿಣ ಭಾರತದಲ್ಲಿ ಇನ್ನೊಂದಿರಲಾರದು. ಊರಿರುವುದು ತಮಿಳುನಾಡಿನಲ್ಲಿ. ಹಾಗಾಗಿ ಲೆಕ್ಕಕ್ಕೆ ತವರಿನ ತಂಡ ಚೆನ್ನೈಯಿನ್ ಎಫ್‌ಸಿ. ಆದರೆ ಚೆನ್ನೈ ಐನೂರು ಕಿಲೋಮೀಟರ್‌ಗೂ ಆಚೆ. ನಾಡುಕಾಣಿ ಘಾಟಿ ಇಳಿದರೆ ಸಿಗುವುದು ನಿಲಂಬೂರು, ಅಂದರೆ ಏಳು ಜನರ ‘ಸೆವೆನ್ಸ್’ ಫುಟ್‌ಬಾಲಿಗೆ ಊರಿಗೆ ಊರೇ ಎದ್ದು ಬರುವ ಮಲಪ್ಪುರಂ ಜಿಲ್ಲೆ. ಕೇರಳ ಬ್ಲಾಸ್ಟರ್ಸ್ ತಂಡದ ಹಳದಿ ಬಣ್ಣ ಘಾಟಿ ಹತ್ತುವುದು ಆ ದಾರಿಯಲ್ಲಿ. ಇತ್ತ ತೆಪ್ಪಕಾಡು, ಬಂಡೀಪುರ ದಾಟಿದರೆ ಗುಂಡ್ಲುಪೇಟೆ, ಮೈಸೂರು, ಬೆಂಗಳೂರು. ಅದು ಬೆಂಗಳೂರು ಎಫ್‌ಸಿಯ ನೀಲಿಯ ದಾರಿ. ಕೊಚ್ಚಿಯ ಕಲೂರು ಕ್ರೀಡಾಂಗಣವೂ ಬೆಂಗಳೂರಿನ ಶ್ರೀ ಕಂಠೀರವವೂ ಗೂಡಲೂರಿಗೆ ಹೆಚ್ಚುಕಡಿಮೆ ಒಂದೇ ದೂರ.

ಈ ಎಳೆದಾಟಕ್ಕೆ ಚರಿತ್ರೆಯೂ ಕಾರಣ. ಗೂಡಲೂರು, ಪಂದಲೂರಿನ ಸೀಮೆ 1877ರವರೆಗೆ ಮಲಬಾರ್ ಜಿಲ್ಲೆಯ ವಯನಾಡಿಗೆ ಸೇರಿತ್ತು. ಆಮೇಲೆ ನೀಲಗಿರಿಗೆ ಬಂತು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ಇಲ್ಲಿನ ಟೀ ತೋಟಗಳಲ್ಲಿ ನೆಲೆ ಕಂಡವು. ಮಸಿನಗುಡಿಯ ಕಡೆ ಹೋದರೆ ಕನ್ನಡ ಕಿವಿಗೆ ಬೀಳುತ್ತದೆ. ಊಟಿ ಸುತ್ತಲಿನ ಹಟ್ಟಿಗಳ ಬಡಗ ಮಾತು ಕನ್ನಡದ ಹತ್ತಿರದ ನೆಂಟ. ಇಂಥ ಊರುಗಳಲ್ಲಿ ಯಾರ ತಂಡ ಯಾವುದು ಎಂಬುದನ್ನು ರೇಷನ್ ಕಾರ್ಡ್ ನೋಡಿ ಹೇಳಲಾಗದು.

ಮೂರು ತಂಡಗಳ ಅಭಿಮಾನಿಗಳು ಒಂದೇ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವ ಕಡೆ ಮಾತು ಸುಮ್ಮನಿರುವುದಿಲ್ಲ. ಸೋತ ಮರುದಿನ ಎದುರಾಳಿಯ ಅಭಿಮಾನಿ ಕಾಲೆಳೆಯುವುದು ಗೋಲು ತಪ್ಪಿಸಿದ ಹುಡುಗನನ್ನಲ್ಲ, ಪೆನಾಲ್ಟಿ ಕೊಟ್ಟ ಡಿಫೆಂಡರನ್ನೂ ಅಲ್ಲ. ಹತ್ತರಲ್ಲಿ ಎಂಟು ಸಲ ಗುರಿ ಕೋಚ್‌ನ ಮೇಲೆ. ಈ ಗೇಲಿಯಲ್ಲಿ ಪಳಗಿದವರು ಬೈಯುವುದೂ ಇಲ್ಲ, ಹೊಗಳುತ್ತಾರೆ. ‘ನಿಮ್ಮ ಕೋಚ್ ಬಹಳ ಒಳ್ಳೆಯವರು ಮಾರಾಯ, ಇನ್ನೆರಡು ವರ್ಷ ಅವರನ್ನೇ ಇಟ್ಟುಕೊಳ್ಳಿ’ ಎನ್ನುತ್ತಾರೆ. ಎದುರಾಳಿಯ ಕೋಚ್ ಸೋಲುತ್ತಿರುವಷ್ಟು ದಿನ ಅವನ ಕುರ್ಚಿ ಗಟ್ಟಿಯಾಗಿರಲಿ ಎಂದು ಮನಸಾರೆ ಹಾರೈಸುವವರು ಇವರೊಬ್ಬರೇ. ಅವನ ಸ್ವಂತ ಅಭಿಮಾನಿಗಳು ಅಷ್ಟರಲ್ಲಿ ಅವನ ರಾಜೀನಾಮೆ ಕೇಳುತ್ತಿರುತ್ತಾರೆ.

ಎರಡು ಡಿಸೆಂಬರ್‌ಗಳು

ಬೆಂಗಳೂರು–ಕೇರಳ ಹಗೆತನದ ಚರಿತ್ರೆಯಲ್ಲಿ ಈ ಗೇಲಿಗೆ ಮೊದಲ ದಿನದಿಂದಲೇ ಸರಕು ಸಿಕ್ಕಿದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ, ಐ–ಲೀಗ್‌ನಲ್ಲಿ ಎರಡು ಸಲ ಚಾಂಪಿಯನ್ ಆಗಿ 2017ರಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಬಂತು. ಲೀಗ್‌ನಲ್ಲಿ ಎರಡೂ ತಂಡಗಳು ಮೊದಲ ಬಾರಿ ಎದುರಾದದ್ದು 2017ರ ಡಿಸೆಂಬರ್ 31ರಂದು, ಕೊಚ್ಚಿಯಲ್ಲಿ. ಬ್ಲಾಸ್ಟರ್ಸ್‌ನ ಕೋಚ್ ಆಗ ರೆನೆ ಮ್ಯೂಲೆನ್‌ಸ್ಟೀನ್. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಅಲೆಕ್ಸ್ ಫರ್ಗ್ಯುಸನ್ ಗರಡಿಯಲ್ಲಿ ತರಬೇತುದಾರನಾಗಿದ್ದ ಡಚ್ಚ. ದೊಡ್ಡ ಹೆಸರು, ದೊಡ್ಡ ನಿರೀಕ್ಷೆ. ಹೊಸ ವರ್ಷ ಹುಟ್ಟುವ ಮುನ್ನ ಬೆಂಗಳೂರು 3–1ರಿಂದ ಗೆದ್ದಿತು. ಎರಡು ದಿನ ಕಳೆಯುವುದರೊಳಗೆ, ಜನವರಿ 2ರಂದು, ಮ್ಯೂಲೆನ್‌ಸ್ಟೀನ್ ಹುದ್ದೆಯಲ್ಲಿರಲಿಲ್ಲ.

ಏಳು ವರ್ಷದ ನಂತರ ಇನ್ನೊಂದು ಡಿಸೆಂಬರ್. ಈ ಸಲ ಬ್ಲಾಸ್ಟರ್ಸ್‌ನ ಕೋಚ್ ಸ್ವೀಡನ್‌ನ ಮಿಕೇಲ್ ಸ್ಟಾಹ್ರೆ. 2024ರ ಅಕ್ಟೋಬರ್ 25ರಂದು ಕೊಚ್ಚಿಯಲ್ಲೇ ಬೆಂಗಳೂರಿಗೆ 1–3ರಿಂದ ಸೋತಿದ್ದರು. ಡಿಸೆಂಬರ್ 7ರಂದು ಕಂಠೀರವದಲ್ಲಿ ಮತ್ತೆ ಎದುರಾದರು. ಎರಡು ಗೋಲು ಹಿಂದಿದ್ದ ಕೇರಳ 2–2ಕ್ಕೆ ತಂದು ನಿಲ್ಲಿಸಿತು. ಆಮೇಲೆ ಬೆಂಗಳೂರಿನ ನಲವತ್ತು ವಯಸ್ಸಿನ ಸುನಿಲ್ ಛೆಟ್ರಿ ಇನ್ನೆರಡು ಗೋಲು ಹೊಡೆದು ಹ್ಯಾಟ್ರಿಕ್ ಪೂರೈಸಿದರು. ಫಲಿತಾಂಶ 4–2. ಒಂದು ವಾರದ ಬಳಿಕ ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು ಕೊನೆಯ ಗಳಿಗೆಯಲ್ಲಿ ಮತ್ತೊಂದು ಸೋಲು. ಡಿಸೆಂಬರ್ 16ಕ್ಕೆ ಸ್ಟಾಹ್ರೆ ಹೊರಗೆ. ಹನ್ನೆರಡು ಪಂದ್ಯ, ಮೂರು ಗೆಲುವು, ಎರಡು ಡ್ರಾ, ಏಳು ಸೋಲು. ಆ ಏಳರಲ್ಲಿ ಎರಡು ಬೆಂಗಳೂರಿನ ಕೊಡುಗೆ.

ನೀಲಿ ಪಾಳೆಯದವರಿಗೆ ಇದಕ್ಕಿಂತ ಹಬ್ಬ ಬೇಕೆ? ಕಂಠೀರವದ ಪಶ್ಚಿಮ ಭಾಗದ ಮೆಟ್ಟಿಲುಗಳಲ್ಲಿ ತೊಂಬತ್ತು ನಿಮಿಷವೂ ನಿಂತೇ ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬಳಗ ಒಂದು ಕಡೆ, 2014ರಿಂದ ಕೇರಳದ ಬೆನ್ನಿಗೆ ನಿಂತ ‘ಮಂಜಪ್ಪಡ’ ಎಂಬ ಹಳದಿ ಸೇನೆ ಇನ್ನೊಂದು ಕಡೆ. ಒಬ್ಬರ ಬೀರುವಿನಲ್ಲಿ ಐಎಸ್‌ಎಲ್ ಕಪ್ ಇದೆ. ಇನ್ನೊಬ್ಬರು 2014, 2016 ಮತ್ತು 2022ರಲ್ಲಿ ಮೂರು ಫೈನಲ್ ಆಡಿ ಮೂರರಲ್ಲೂ ಸೋತಿದ್ದಾರೆ. ಹೀಗಿರುವಾಗ ‘ನಿಮ್ಮ ಕೋಚ್‌ಗೆ ನಮ್ಮ ನಮಸ್ಕಾರ ತಿಳಿಸಿ’ ಎಂಬ ಒಂದೇ ಮಾತು ಸಾಕು, ಉಳಿದದ್ದೆಲ್ಲ ಅದರಲ್ಲೇ ಅಡಗಿರುತ್ತದೆ.

ಬಾಣವೆಲ್ಲ ಕೋಚ್‌ಗೇ ಏಕೆ?

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಸ್ವಲ್ಪ ವಿಚಿತ್ರವೇ. 2019ರ ಐಪಿಎಲ್‌ನಲ್ಲಿ ಆರ್‌ಸಿಬಿ ಮೊದಲ ಆರೂ ಪಂದ್ಯ ಸೋತು ಪಟ್ಟಿಯ ತಳಕ್ಕೆ ಬಿತ್ತು. ಮುಖ್ಯ ಕೋಚ್ ಆಗಿದ್ದವರು ಭಾರತಕ್ಕೆ 2011ರ ವಿಶ್ವಕಪ್ ಗೆಲ್ಲಿಸಿದ ಗ್ಯಾರಿ ಕರ್ಸ್ಟನ್. ಆದರೂ ಚೆನ್ನೈ ಅಭಿಮಾನಿಗಳ ಕುಚೋದ್ಯವೆಲ್ಲ ವಿರಾಟ್ ಕೊಹ್ಲಿಯ ತಲೆಗೇ ಬಿತ್ತು. ಕರ್ಸ್ಟನ್ ಹೆಸರು ಎಷ್ಟು ಜನರ ಬಾಯಲ್ಲಿ ಬಂತು? ಕ್ರಿಕೆಟ್ಟಿನಲ್ಲಿ ಬೌಲರ್ ಬದಲಿಸುವವನು, ಫೀಲ್ಡರನ್ನು ಸರಿಸುವವನು, ಟಾಸ್ ಸೋತು ಪೆಚ್ಚಾಗುವವನು ಕ್ಯಾಪ್ಟನ್. ಕೋಚ್ ಡಗ್‌ಔಟ್‌ನಲ್ಲಿ ಕೂತು ಟೋಪಿ ಸರಿಮಾಡಿಕೊಳ್ಳುವ ಆಸಾಮಿ.

ಫುಟ್‌ಬಾಲಿನಲ್ಲಿ ಕ್ಯಾಪ್ಟನ್ ತೋಳಿಗೊಂದು ಪಟ್ಟಿ ಕಟ್ಟಿಕೊಳ್ಳುತ್ತಾನೆ, ರೆಫ್ರಿ ಜೊತೆ ವಾದಿಸುತ್ತಾನೆ, ಅಷ್ಟೆ. ಹನ್ನೊಂದು ಜನ ಯಾರು, ಯಾರು ಎಲ್ಲಿ ನಿಲ್ಲಬೇಕು, ಎಪ್ಪತ್ತನೇ ನಿಮಿಷಕ್ಕೆ ಯಾರನ್ನು ಕೂರಿಸಬೇಕು, ಎಲ್ಲವೂ ಕೋಚ್‌ನ ತೀರ್ಮಾನ. ಅದೂ ಗೆರೆಯೆಳೆದ ಒಂದು ಚೌಕದಲ್ಲಿ ಸಾವಿರಾರು ಜನರ ಕಣ್ಣೆದುರು ನಿಂತುಕೊಂಡು. ಆಟ ಕೈತಪ್ಪುತ್ತಿದೆ ಎನ್ನಿಸಿದಾಗ ಒಂದು ನಿಮಿಷ ನಿಲ್ಲಿಸಿ ಎಂದು ಕೇಳುವ ಅವಕಾಶವೂ ಅವನಿಗಿಲ್ಲ. ಕೈ ಆಡಿಸಬಹುದು, ನೀರಿನ ಬಾಟಲಿ ಒದೆಯಬಹುದು. ಅಸಹಾಯಕತೆ ಇಷ್ಟು ಬಹಿರಂಗವಾಗಿ ಕಾಣುವ ಹುದ್ದೆ ಇನ್ನೊಂದಿಲ್ಲ. ಎದುರಾಳಿ ಅಭಿಮಾನಿಗೆ ಬೇಕಾದದ್ದು ಅದೇ.

ಇದರ ಜೊತೆಗೆ ನಮ್ಮ ಲೀಗ್‌ಗೇ ವಿಶಿಷ್ಟವಾದ ಕಾರಣವೊಂದಿದೆ. ಇಂಗ್ಲೆಂಡಿನಲ್ಲೋ ಸ್ಪೇನಿನಲ್ಲೋ ತಳ ಸೇರಿದ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ. ಐಎಸ್‌ಎಲ್‌ನಲ್ಲಿ 2024–25ರವರೆಗೂ ಅಂಥ ಶಿಕ್ಷೆಯೇ ಇರಲಿಲ್ಲ. ಕೊನೆಯ ಸ್ಥಾನ ಬಂದರೂ ಮುಂದಿನ ವರ್ಷ ಅದೇ ಲೀಗ್, ಅದೇ ಮಾಲೀಕ, ಅದೇ ಜೆರ್ಸಿ. ಸೋಲಿಗೆ ಯಾರಾದರೂ ಬೆಲೆ ತೆರಬೇಕಲ್ಲ? ಇಲ್ಲಿ ಕೆಳಗಿಳಿಯುವುದು ತಂಡವಲ್ಲ, ಕೋಚ್. ಹೆಚ್ಚಿನವರು ಒಂದೆರಡು ವರ್ಷದ ಕರಾರಿನ ಮೇಲೆ ಯುರೋಪಿನಿಂದ ಬಂದವರು. ಊರಿನ ಭಾಷೆ ಬಾರದು, ಅವರ ಪರವಾಗಿ ಮಾತಾಡುವ ನೆಂಟರಿಷ್ಟರಿಲ್ಲ. ಛೆಟ್ರಿಯನ್ನು ಹೊರಹಾಕಿ ಎನ್ನಲು ಯಾವ ಮಾಲೀಕನಿಗೂ ಎದೆ ಸಾಲದು. ಸ್ಟಾಹ್ರೆಯನ್ನು ಕಳಿಸಲು ಒಂದು ಪ್ರಕಟಣೆ ಸಾಕು.

ಅಮೆರಿಕದ ಕಾಲೇಜು ಫುಟ್‌ಬಾಲ್ ಈ ವಿದ್ಯೆಯಲ್ಲಿ ಜಗತ್ತಿಗೇ ಹಿರಿಯಣ್ಣ. ಆ ಆಟ ಬೇರೆ, ಚೆಂಡು ಬೇರೆ. ಆದರೆ ಕೋಚ್ ಅಲ್ಲಿ ಇನ್ನೂ ದೊಡ್ಡ ದೇವರು, ಇನ್ನೂ ದೊಡ್ಡ ಬಲಿಪಶು. ಆಟಗಾರರು ವಿದ್ಯಾರ್ಥಿಗಳು. ಮೂರ್ನಾಲ್ಕು ವರ್ಷ ಆಡಿ ಹೋಗುತ್ತಾರೆ. ಹಳ್ಳಿಹಳ್ಳಿಯ ಹೈಸ್ಕೂಲುಗಳಿಂದ ಹುಡುಗರನ್ನು ಒಲಿಸಿ ತರುವುದರಿಂದ ಹಿಡಿದು ಆಟ ಹೆಣೆಯುವುದರವರೆಗೆ ಎಲ್ಲವೂ ಕೋಚ್‌ನದೇ. ಹಲವು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರಲ್ಲಿ ಎಲ್ಲರಿಗಿಂತ ಹೆಚ್ಚು ಗಳಿಸುವವನು ಅವನೇ, ರಾಜ್ಯಪಾಲನಿಗಿಂತಲೂ. 2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ತನ್ನ ಕೋಚ್ ಜಿಂಬೊ ಫಿಶರ್‌ರನ್ನು ತೆಗೆದಾಗ ಕರಾರಿನ ಪ್ರಕಾರ ಅವರಿಗೆ ಸಲ್ಲಬೇಕಾದ ಮೊತ್ತ ಏಳೂವರೆ ಕೋಟಿ ಡಾಲರ್ ದಾಟಿತ್ತು. ಕೆಲಸ ಮಾಡದಿರುವುದಕ್ಕೆ ಅಷ್ಟು ದುಡ್ಡು! ಎದುರಾಳಿಗಳು ನಗದೆ ಇರುತ್ತಾರೆಯೇ?

ಆ ಶುಕ್ರವಾರದ ರಾತ್ರಿ

ಕೋಚ್ ಒಬ್ಬನೇ ಎರಡು ನಾಡುಗಳಲ್ಲಿ ಇಬ್ಬರು ಬೇರೆ ಮನುಷ್ಯರಾಗುವುದು ಹೇಗೆಂದು ತಿಳಿಯಲು 2023ರ ಮಾರ್ಚ್ 3ಕ್ಕೆ ಹೋಗಬೇಕು. ಕಂಠೀರವದಲ್ಲಿ ಬೆಂಗಳೂರು–ಕೇರಳ ಪ್ಲೇಆಫ್. ಸೋತವರು ಮನೆಗೆ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದ ಆರಂಭದಲ್ಲೇ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಆಟಗಾರರು ಇನ್ನೂ ಗೋಡೆ ಕಟ್ಟಿರಲಿಲ್ಲ, ಗೋಲ್‌ಕೀಪರ್ ಸಜ್ಜಾಗಿರಲಿಲ್ಲ. ಛೆಟ್ರಿ ಚೆಂಡನ್ನು ಬಲೆಯೊಳಗೆ ತೂರಿಬಿಟ್ಟರು. ರೆಫ್ರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ಕೇರಳದ ಕೋಚ್, ಸರ್ಬಿಯಾದ ಇವಾನ್ ವುಕೊಮನೊವಿಚ್, ತನ್ನ ಹುಡುಗರನ್ನು ಮೈದಾನದಿಂದ ಹೊರಗೆ ಕರೆದರು. ತಂಡ ಮರಳಲಿಲ್ಲ. ಪಂದ್ಯ ಬೆಂಗಳೂರಿನ ಪಾಲಾಯಿತು.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು. ವುಕೊಮನೊವಿಚ್‌ಗೆ 10 ಪಂದ್ಯ ನಿಷೇಧ, 5 ಲಕ್ಷ ದಂಡ. ಬೆಂಗಳೂರಿನಲ್ಲಿ ಅವರು ‘ಆಟ ಬಿಟ್ಟು ಓಡಿದ ಕೋಚ್’ ಆದರು. ಸೋಲು ತಾಳದ ಮಗುವಿನಂತೆ ಚಿತ್ರಿಸಿ ನಕ್ಕದ್ದೇ ನಕ್ಕದ್ದು. ಅದೇ ಹೊತ್ತಿಗೆ ಘಾಟಿಯ ಕೆಳಗೆ ಅವರು ಅನ್ಯಾಯದೆದುರು ತಲೆಬಾಗದ ‘ಆಶಾನ್’. ಅಲ್ಲಿನವರು ಗುರುವಿಗೆ ಕೊಡುವ ಮರ್ಯಾದೆಯ ಹೆಸರದು. ನಿಷೇಧ ಮುಗಿಸಿ ಅಕ್ಟೋಬರ್ 27ರಂದು ಕೊಚ್ಚಿಯ ಮೈದಾನಕ್ಕೆ ಕಾಲಿಟ್ಟಾಗ ಕಪ್ ಗೆದ್ದು ಬಂದವರಿಗೆ ಸಿಗುವಂಥ ಸ್ವಾಗತ ಸಿಕ್ಕಿತು. ಆ ದಿನ ಒಡಿಶಾ ಎದುರು ತಂಡ ಗೆದ್ದೂಬಿಟ್ಟಿತು.

ಗಮನಿಸಬೇಕಾದ ಸಂಗತಿ ಏನೆಂದರೆ, ಎದುರಾಳಿಯ ಅಣಕವೇ ಅವರನ್ನು ತವರಿನಲ್ಲಿ ಇನ್ನಷ್ಟು ಎತ್ತರಕ್ಕೆ ಏರಿಸಿತು. ಒಂದು ಕಪ್ಪನ್ನೂ ಗೆಲ್ಲಿಸದ ಕೋಚ್ ಮೂರು ಸೀಸನ್ ಉಳಿದದ್ದು ಬ್ಲಾಸ್ಟರ್ಸ್‌ನಲ್ಲಿ ಅದೇ ಮೊದಲು. ಮೂರು ವರ್ಷವೂ ತಂಡ ಪ್ಲೇಆಫ್ ಮುಟ್ಟಿತು ಎಂಬುದು ಒಂದು ಕಾರಣ. ಬೆಂಗಳೂರಿನವರು ಬೈದರು ಎಂಬುದು ಇನ್ನೊಂದು. ಹೊರಗಿನವರು ಬೈಯಲು ಶುರುಮಾಡಿದೊಡನೆ ನಮ್ಮವನು ನಮಗೆ ಹೆಚ್ಚು ನಮ್ಮವನಾಗುತ್ತಾನೆ. ಎದುರಾಳಿಯ ಕೋಚ್ ಮನೆಗೆ ಹೋಗಲಿ ಎಂದು ನಿಜಕ್ಕೂ ಬಯಸುವವರು ಅವನ ಹೆಸರೆತ್ತದೆ ಸುಮ್ಮನಿರುವುದೇ ಜಾಣತನ.

ನಗೆಯ ಆಯುಸ್ಸು

ಗೇಲಿ ಮಾಡುವವರು ಮರೆಯುವ ಇನ್ನೊಂದು ವಿಷಯವೆಂದರೆ ಈ ನಗೆ ಬೇಗ ಹಳಸುತ್ತದೆ. ಅದಕ್ಕೆ ಬೆಂಗಳೂರೇ ಸಾಕ್ಷಿ. ಇಂಗ್ಲೆಂಡಿನ ಸೈಮನ್ ಗ್ರೇಸನ್ 2022ರಲ್ಲಿ ಬಂದರು, ಸೆಪ್ಟೆಂಬರ್‌ನಲ್ಲಿ ಡುರಾಂಡ್ ಕಪ್ ಗೆಲ್ಲಿಸಿದರು. ಐಎಸ್‌ಎಲ್ ಶುರುವಾದ ಸ್ವಲ್ಪ ದಿನಕ್ಕೇ ತಂಡ ಸಾಲುಸಾಲಾಗಿ ಸೋತು ಕೆಳಗಿಳಿಯಿತು. ಕೇರಳ, ಚೆನ್ನೈ ಕಡೆಯವರು ಗ್ರೇಸನ್‌ಗೆ ದೀರ್ಘಾಯುಷ್ಯ ಕೋರತೊಡಗಿದರು. ಆಮೇಲೆ ಅದೇ ಗ್ರೇಸನ್, ಅದೇ ಆಟಗಾರರು ಲೀಗಿನ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದರು. ಪ್ಲೇಆಫ್‌ನಲ್ಲಿ ಕೇರಳವನ್ನು, ಸೆಮಿಫೈನಲ್‌ನಲ್ಲಿ ಮುಂಬೈಯನ್ನು ದಾಟಿ ಫೈನಲ್ ತಲುಪಿದರು. ಪೆನಾಲ್ಟಿ ಶೂಟೌಟ್‌ನಲ್ಲಷ್ಟೇ ಸೋತರು. ಹಾರೈಸಿದವರ ಮುಖ ಹುಳ್ಳಗಾಯಿತು. ಕತೆ ಅಲ್ಲಿಗೂ ನಿಲ್ಲಲಿಲ್ಲ. 2023ರ ಡಿಸೆಂಬರ್ 8ರಂದು ಕಂಠೀರವದಲ್ಲೇ ಮುಂಬೈ ಎದುರು 0–4ರ ಸೋಲು. ಮರುದಿನ ಗ್ರೇಸನ್ ನಿರ್ಗಮನ. ಒಂದು ವರ್ಷ ಕಳೆಯುವುದರೊಳಗೆ ಒಬ್ಬನೇ ಮನುಷ್ಯ ನಗೆಪಾಟಲು, ಮಾಂತ್ರಿಕ, ಮತ್ತೆ ನಗೆಪಾಟಲು.

ಕಾರ್ಲೆಸ್ ಕ್ವದ್ರಾತ್‌ರ ದಾರಿ ಇನ್ನೂ ಸುತ್ತುಬಳಸಿನದು. ಬೆಂಗಳೂರಿಗೆ 2018–19ರ ಐಎಸ್‌ಎಲ್ ಕಪ್ ತಂದುಕೊಟ್ಟವರು ಅವರೇ. 2021ರ ಜನವರಿಯಲ್ಲಿ ಸತತ ಮೂರು ಸೋಲಿನ ಬಳಿಕ ಕ್ಲಬ್ ಅವರನ್ನು ಬೀಳ್ಕೊಟ್ಟಿತು. ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ 2024ರ ಜನವರಿಯಲ್ಲಿ ಸೂಪರ್ ಕಪ್ ಗೆಲ್ಲಿಸಿದಾಗ ಅಲ್ಲಿನ ಜನ ಹೊತ್ತು ಕುಣಿದರು. ಆ ಕ್ಲಬ್‌ಗೆ ಒಂದು ದಶಕಕ್ಕೂ ಮೇಲ್ಪಟ್ಟು ರಾಷ್ಟ್ರಮಟ್ಟದ ಕಪ್ ಸಿಕ್ಕಿರಲಿಲ್ಲ. ಎಂಟು ತಿಂಗಳಾಗುತ್ತಲೇ ಹೊಸ ಸೀಸನ್ ಬಂತು. ಮೊದಲ ಪಂದ್ಯ ಕಂಠೀರವದಲ್ಲಿ ಹಳೆಯ ತಂಡದ ಎದುರು, 0–1. ಎರಡನೆಯದು ಕೊಚ್ಚಿಯಲ್ಲಿ, 1–2. ಮೂರನೆಯದು ಗೋವಾ ವಿರುದ್ಧ, 2–3. ಸೆಪ್ಟೆಂಬರ್ 30ಕ್ಕೆ ರಾಜೀನಾಮೆ. ಅವರನ್ನು ಕೆಳಕ್ಕೆ ತಳ್ಳಿದ ಮೊದಲ ಕೈ ಒಂದು ಕಾಲಕ್ಕೆ ಅವರನ್ನೇ ಹೊತ್ತು ಮೆರೆಸಿದ ಊರಿನದು.

ಸಮುದ್ರದಾಚೆಯ ಉದಾಹರಣೆ ಇನ್ನೂ ಖಾರ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ರಯಾನ್ ಡೇ, ಬದ್ಧವೈರಿ ಮಿಷಿಗನ್ ಎದುರು ಸತತ ನಾಲ್ಕನೇ ಸಲ ಸೋತದ್ದು 2024ರ ನವೆಂಬರ್ 30ರಂದು, ತವರಿನ ಲಕ್ಷ ಜನರ ಮುಂದೆ, 10–13ರಿಂದ. ಮಿಷಿಗನ್ ಅಭಿಮಾನಿಗಳು ಅವರ ಕರಾರು ವಿಸ್ತರಿಸಿ ಎಂದು ಬೇಡಿಕೊಂಡರು. ಒಹಾಯೊದವರು ಅವರ ತಲೆ ಕೇಳಿದರು. ಆ ವರ್ಷವಷ್ಟೇ ರಾಷ್ಟ್ರೀಯ ಪ್ಲೇಆಫ್ ಹನ್ನೆರಡು ತಂಡಗಳಿಗೆ ಹಿಗ್ಗಿದ್ದರಿಂದ ಡೇ ತಂಡಕ್ಕೆ ಇನ್ನೊಂದು ಅವಕಾಶ ಉಳಿದಿತ್ತು. 2025ರ ಜನವರಿ 20ರಂದು ನೋತ್ರೆ ಡಾಮ್ ತಂಡವನ್ನು 34–23ರಿಂದ ಸೋಲಿಸಿ ಅವರು ರಾಷ್ಟ್ರೀಯ ಚಾಂಪಿಯನ್ ಆದರು. ನಗೆಯಾಡಿದವರಿಗೂ ರಾಜೀನಾಮೆ ಕೇಳಿದವರಿಗೂ ಐವತ್ತೊಂದು ದಿನದಲ್ಲಿ ಉತ್ತರ ಸಿಕ್ಕಿತು.

ಬದಲಾಯಿಸಿದರೆ ಆಗುವುದೇನು?

ಹಾಗಾದರೆ ಸೋಲಿಗೆ ಕೋಚ್ ಕಾರಣನೇ ಅಲ್ಲವೇ? ಈ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಅಂಕಿಗಳಿಟ್ಟು ಕೆದಕಿದ್ದಾರೆ. ನೆದರ್ಲೆಂಡ್ಸ್‌ನ ಬಾಸ್ ಟೆರ್ ವೇಲ್ ತಮ್ಮ ದೇಶದ ಲೀಗಿನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಹರಡಿಕೊಂಡು ಕೂತರು. ಕೋಚ್‌ನನ್ನು ತೆಗೆದ ಮೇಲೆ ತಂಡಗಳು ಚೇತರಿಸಿಕೊಂಡದ್ದು ನಿಜ. ಆದರೆ ಅಷ್ಟೇ ಕೆಟ್ಟದಾಗಿ ಸೋಲುತ್ತಿದ್ದೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡಿದ್ದವು. ಪಾತಾಳ ಮುಟ್ಟಿದ್ದು ಒಂದಿಷ್ಟು ಮೇಲೆ ಬರುವುದು ಸಹಜ. ಗಾಯಾಳುಗಳು ಮರಳುತ್ತಾರೆ, ಕಂಬಕ್ಕೆ ಬಡಿಯುತ್ತಿದ್ದ ಚೆಂಡು ಒಳಗೆ ಹೋಗುತ್ತದೆ. ಆ ಹೊತ್ತಿಗೆ ಯಾರು ಕುರ್ಚಿಯಲ್ಲಿರುತ್ತಾರೋ ಅವರಿಗೆ ಹೆಸರು. ಇಂಗ್ಲೆಂಡಿನ ಕ್ಲಬ್‌ಗಳ ಲೆಕ್ಕ ತೆಗೆದ ಸೈಮನ್ ಕೂಪರ್ ಮತ್ತು ಸ್ಟೆಫಾನ್ ಶಿಮಾನ್ಸ್ಕಿ ಇನ್ನೊಂದು ಸತ್ಯ ಹೇಳಿದರು. ದೀರ್ಘಕಾಲದ ಸರಾಸರಿಯಲ್ಲಿ ಕ್ಲಬ್‌ಗಳು ಯಾವ ಸ್ಥಾನದಲ್ಲಿರುತ್ತವೆ ಎಂಬುದರ ಸುಮಾರು ಶೇ 90ರಷ್ಟನ್ನು ಆಟಗಾರರಿಗೆ ಕೊಡುವ ಸಂಬಳದ ಮೊತ್ತದಿಂದಲೇ ವಿವರಿಸಬಹುದು. ಉಳಿದ ಪುಟ್ಟ ಪಾಲಿನಲ್ಲಿ ಕೋಚ್‌ನ ಜಾಣತನ, ಅದೃಷ್ಟ, ರೆಫ್ರಿಯ ಕಣ್ಣು ಎಲ್ಲವೂ ಜಾಗ ಹಂಚಿಕೊಳ್ಳಬೇಕು.

ಹಾಗೆಂದು ಕೋಚ್‌ನಿಂದ ಏನೂ ಆಗದು ಎನ್ನುವುದೂ ಅತಿರೇಕವಾದೀತು. ಇದಕ್ಕೆ ಚೆನ್ನೈಯೇ ನಿದರ್ಶನ. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ಬೆಂಗಳೂರನ್ನು 3–2ರಿಂದ ಸೋಲಿಸಿ ಚಾಂಪಿಯನ್ ಆದ ತಂಡದ ಕೋಚ್ ಜಾನ್ ಗ್ರೆಗರಿ. ಮರುವರ್ಷವೇ ಅವರ ತಂಡ ಪಟ್ಟಿಯ ಕಟ್ಟಕಡೆಗೆ ಬಿತ್ತು. ಆದರೂ ಕ್ಲಬ್ ಅವರನ್ನು ಉಳಿಸಿಕೊಂಡಿತು. ಅದರ ಮರುವರ್ಷವೂ ಹಳಿಗೆ ಬಾರದೆ 2019ರ ನವೆಂಬರ್ ಕೊನೆಗೆ ಗ್ರೆಗರಿ ತಾವೇ ಇಳಿದರು. ಬದಲಿಗೆ ಬಂದ ಓವನ್ ಕಾಯ್ಲ್ ತಳದ ಹತ್ತಿರವಿದ್ದ ಆ ತಂಡವನ್ನೇ ಫೈನಲ್‌ವರೆಗೆ ಎಳೆದೊಯ್ದರು. ಕೆಲವೊಮ್ಮೆ ಕೋಚ್ ಬದಲಾದರೆ ಗಾಳಿಯೂ ಬದಲಾಗುತ್ತದೆ. ಅದು ಯಾವ ಸಲ ಎಂದು ಮುಂಚಿತವಾಗಿ ಹೇಳಬಲ್ಲವರು ಮಾತ್ರ ಮಾಲೀಕರಲ್ಲೂ ಇಲ್ಲ, ಮೆಟ್ಟಿಲ ಮೇಲೆ ಕೂಗುವವರಲ್ಲೂ ಇಲ್ಲ.

ಕುಟುಕುವುದಕ್ಕೂ ಒಂದು ಕಟ್ಟಳೆ

ಅಣಕವನ್ನು ಸಭ್ಯತೆಯ ಹೆಸರಿನಲ್ಲಿ ನಿಷೇಧಿಸಬೇಕು ಎಂಬ ವಾದ ನನ್ನದಲ್ಲ. ಬಿರುಸಿನ ಮಾತಿಲ್ಲದ ಪೈಪೋಟಿ ಉಪ್ಪಿಲ್ಲದ ಊಟ. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿ–ನಾಗೇಶಿ ಎಂಬ ಎರಡು ಪಕ್ಷ ಕಟ್ಟಿಕೊಂಡು, ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂದು ರಾತ್ರಿಯಿಡೀ ಹಾಡಿನಲ್ಲಿ ಜಗಳಾಡುವ ಪದ್ಧತಿಯೇ ಇದೆ. ಕೆಣಕುತ್ತಾರೆ, ಚುಚ್ಚುತ್ತಾರೆ. ಎದುರು ಪಕ್ಷದವರಿಗೂ ಅಷ್ಟೇ ಹೊತ್ತು ಹಾಡುವ ಹಕ್ಕಿರುತ್ತದೆ, ಸವಾಲಿಗೆ ಜವಾಬು ಹಾಡಿನಲ್ಲೇ ಬರಬೇಕು. ಚುಚ್ಚುವವನಿಗೆ ವಿಷಯ ಗೊತ್ತಿರಬೇಕು ಎಂಬುದು ಅಲ್ಲಿನ ಮೊದಲ ಶರತ್ತು.

ಕೋಚ್‌ನ ಗೇಲಿಗೂ ಇದೇ ಅಳತೆಗೋಲು ಸಾಕು. ಎಪ್ಪತ್ತನೇ ನಿಮಿಷದಲ್ಲಿ ಸ್ಟ್ರೈಕರನ್ನು ಕೂರಿಸಿ ಡಿಫೆಂಡರನ್ನು ಇಳಿಸಿದ ತೀರ್ಮಾನಕ್ಕೆ ನಗಬಹುದು. ಪಂದ್ಯಕ್ಕೆ ಮೊದಲು ಕೊಚ್ಚಿಕೊಂಡ ಮಾತನ್ನು ಪಂದ್ಯದ ನಂತರ ನೆನಪಿಸಬಹುದು. ಅವನ ಮೈಬಣ್ಣ, ಹೆಂಡತಿ ಮಕ್ಕಳು, ಅವನು ಬಂದ ದೇಶ ಇವಕ್ಕೆಲ್ಲ ಆಟದ ಜೊತೆ ಸಂಬಂಧವಿಲ್ಲ. ಅಲ್ಲಿಗೆ ಕೈಹಾಕುವವರು ಹಾಸ್ಯ ಮಾಡುತ್ತಿಲ್ಲ, ಹಾಸ್ಯ ಖಾಲಿಯಾಗಿದೆ ಎಂದು ಒಪ್ಪಿಕೊಳ್ಳುತ್ತಿದ್ದಾರೆ.

ಗಡಿಯೂರುಗಳಲ್ಲಿ ಈ ಕಟ್ಟಳೆ ತಾನಾಗಿಯೇ ಬೆಳೆಯುತ್ತದೆ. ಬೆಂಗಳೂರಿನ ಮೆಟ್ಟಿಲುಗಳಲ್ಲಿ ಕೂಗುವವನಿಗೆ ಹಳದಿ ಜೆರ್ಸಿಯವರು ಎದುರಿನ ಬ್ಲಾಕಿನಲ್ಲಿರುವ ಮುಖವಿಲ್ಲದ ಗುಂಪು. ಗೂಡಲೂರಿನಲ್ಲಿ ಹಾಗಲ್ಲ. ಹಳದಿ ಜೆರ್ಸಿಯವನು ಪಕ್ಕದ ಅಂಗಡಿಯ ಚೇಟ್ಟನ್, ನೀಲಿಯವನು ಅವನಿಂದ ಸಾಲದಲ್ಲಿ ಸಾಮಾನು ಒಯ್ಯುವ ಅಣ್ಣ. ಇವತ್ತು ಇವನ ಕೋಚ್‌ಗೆ ಅವನು ಆಯುಷ್ಯ ಕೋರಿದರೆ, ಮುಂದಿನ ತಿಂಗಳು ಅವನ ಕೋಚ್‌ಗೆ ಇವನು ಕೋರುತ್ತಾನೆ. ಮಾತು ಎಷ್ಟೇ ಹರಿತವಾದರೂ ಸೋಮವಾರ ಮುಖ ನೋಡಲೇಬೇಕು. ಮುಖ ನೋಡಬೇಕಾದ ಕಡೆ ಗೇಲಿ ಹೊಲಸಾಗುವುದು ಕಡಿಮೆ.

ಗುರಿ ತಪ್ಪಿದ ಬಾಣ

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕೋಚ್ ನಮ್ಮ ನಗೆಯ ಪಾಲಿಗೆ ಸುಲಭದ ತುತ್ತು. ಆದರೆ ನಗಬೇಕಾದದ್ದು ಅವನನ್ನು ಕಂಡೇ? 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನವರು ಸ್ಟಾಹ್ರೆಯನ್ನು ಆಡಿಕೊಳ್ಳುತ್ತಿದ್ದಾಗ ಮಂಜಪ್ಪಡದವರು ತಮ್ಮ ಸಿಟ್ಟನ್ನು ತಿರುಗಿಸಿದ್ದು ಕೋಚ್‌ನತ್ತ ಅಲ್ಲ, ಕ್ಲಬ್‌ನ ಆಡಳಿತದತ್ತ. ಟಿಕೆಟ್ ವಿಷಯದಲ್ಲಿ ಕ್ಲಬ್ ಜೊತೆ ಕೈಜೋಡಿಸುವುದಿಲ್ಲ, ಕ್ರೀಡಾಂಗಣದ ಒಳಗೂ ಹೊರಗೂ ಪ್ರತಿಭಟಿಸುತ್ತೇವೆ ಎಂದರು. ಡೇವಿಡ್ ಜೇಮ್ಸ್, ಮ್ಯೂಲೆನ್‌ಸ್ಟೀನ್, ಕಿಬು ವಿಕುನಾ, ಸ್ಟಾಹ್ರೆ ಎಂದು ಕೋಚ್‌ಗಳು ನಡುದಾರಿಯಲ್ಲೇ ಇಳಿದುಹೋಗುತ್ತಿರುವ ಕ್ಲಬ್‌ನಲ್ಲಿ ಲೋಪ ಬಂದುಹೋಗುವವರದಲ್ಲ, ಕೂತೇ ಇರುವವರದು ಎಂಬುದು ಆ ಅಭಿಮಾನಿಗಳಿಗೆ ಎದುರಾಳಿಗಳಿಗಿಂತ ಚೆನ್ನಾಗಿ ಗೊತ್ತಿತ್ತು.

ಮರುವರ್ಷ ಈ ಪಾಠ ಎಲ್ಲರಿಗೂ ಒಟ್ಟಿಗೇ ಆಯಿತು. ಲೀಗ್ ನಡೆಸುತ್ತಿದ್ದ ಕಂಪನಿಗೂ ಫುಟ್‌ಬಾಲ್ ಫೆಡರೇಷನ್‌ಗೂ ಇದ್ದ ಹದಿನೈದು ವರ್ಷದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಅದನ್ನು ಮುಂದುವರಿಸುವ ಮಾತು ದಡ ಸೇರಲಿಲ್ಲ. ಜುಲೈನಲ್ಲಿ ಹೊಸ ಸೀಸನ್ ತಡೆಹಿಡಿಯಲಾಗಿದೆ ಎಂಬ ಪತ್ರ ಹೊರಟಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ಅನಿರ್ದಿಷ್ಟ ಕಾಲ ನಿಲ್ಲಿಸಿತು. ಪಂದ್ಯಗಳು ಶುರುವಾಗಬೇಕಿದ್ದ ಸೆಪ್ಟೆಂಬರ್ ಬಂತು, ಹೋಯಿತು. ಡಿಸೆಂಬರ್ ಮುಗಿದರೂ ಲೀಗಿನ ಒಂದು ಪಂದ್ಯವೂ ನಡೆಯಲಿಲ್ಲ. ನೀಲಿ, ಹಳದಿ ಎರಡೂ ಪಾಳೆಯಗಳು ಒಂದೇ ಸುದ್ದಿಗಾಗಿ ಕಾದು ಕೂತವು. ಲೀಗಿನಲ್ಲಿ ಸೋತು ಕುರ್ಚಿ ಕಳೆದುಕೊಂಡ ಕೋಚ್ ಮಾತ್ರ ಒಬ್ಬನೂ ಇರಲಿಲ್ಲ. ಆಡದ ಪಂದ್ಯದಲ್ಲಿ ಯಾರೂ ಸೋಲುವುದಿಲ್ಲವಲ್ಲ!

ಅಭಿಮಾನಿಗಳ ಗೇಲಿಯ ಕಸುಬು ನಿಜಕ್ಕೂ ಉಪಯೋಗಕ್ಕೆ ಬರುವುದು ಇಂಥಲ್ಲಿ. ಕೋಚ್‌ನ ಮೂರು ಸೋಲುಗಳನ್ನು ಬೆರಳೆಣಿಸಿ ನೆನಪಿಟ್ಟುಕೊಳ್ಳುವ ಜನ, ಲೀಗನ್ನೇ ಸೋಲಿಸಿದವರ ಲೆಕ್ಕವನ್ನೂ ಹಾಗೆಯೇ ಇಟ್ಟುಕೊಳ್ಳಬಹುದು. ಆ ಕುರ್ಚಿಗಳಲ್ಲಿ ಕೂತವರು ಗೆರೆಯೆಳೆದ ಚೌಕದೊಳಗೆ ಬಂದು ನಿಲ್ಲುವುದಿಲ್ಲ. ಒಂದು 0–4 ಸೋಲಿಗೆ ಮರುದಿನ ಪೆಟ್ಟಿಗೆ ಕಟ್ಟುವುದೂ ಇಲ್ಲ. ಎದುರಾಳಿಯ ಕೋಚ್‌ನನ್ನು ಧಾರಾಳವಾಗಿ ಕಿಚಾಯಿಸೋಣ, ಅವನಿಗೆ ಅದಕ್ಕೂ ಸೇರಿಸಿಯೇ ಸಂಬಳ ಸಿಗುತ್ತದೆ. ಆದರೆ ಅವನನ್ನು ನೇಮಿಸಿದವರು, ತೆಗೆದವರು, ಪಂದ್ಯವನ್ನೇ ನಿಲ್ಲಿಸಿದವರು ಮಾತ್ರ ನಮ್ಮ ನಗೆಯಿಂದ ಪಾರಾಗುತ್ತಿದ್ದರೆ, ಅದು ಅಭಿಮಾನಿಗಳೇ ಅವರಿಗೆ ಬಿಟ್ಟುಕೊಟ್ಟ ಪುಕ್ಕಟೆ ಗೋಲು.